ಮೂಲದಲ್ಲಿ ಇಲ್ಲದವರು

ಚಿಕ್ಕಮಗಳೂರಿನಿಂದ ಮೂಡಿಗೆರೆ ದಾಟಿ ಕಳಸದವರೆಗೆ, ಈ ಕಾಫಿ ಗುಡ್ಡಗಳ ಓದುಗರಲ್ಲಿ ಒಂದು ತೀರ್ಪು ಬಹಳ ವರ್ಷಗಳಿಂದ ಮೇಲ್ಮನವಿಯೇ ಇಲ್ಲದೆ ಜಾರಿಯಲ್ಲಿದೆ. ಗಿರೀಶ ಕಾರ್ನಾಡರಿಗೆ ಸ್ವಂತದ್ದೊಂದು ಕತೆ ಇರಲಿಲ್ಲ ಎಂಬುದು ಆ ತೀರ್ಪು. ನಾಟಕಕ್ಕೆ ಮಹಾಭಾರತ, ಕಥಾಸರಿತ್ಸಾಗರ, ಚರಿತ್ರೆ, ಅಜ್ಜಿಕತೆ. ಸಿನಿಮಾಕ್ಕೆ ಅನಂತಮೂರ್ತಿ, ಭೈರಪ್ಪ, ಆಲನಹಳ್ಳಿ, ಕುವೆಂಪು. ಕಡ ತಂದ ಬಂಡವಾಳದಲ್ಲಿ ಜ್ಞಾನಪೀಠದ ತನಕ ವ್ಯಾಪಾರ ಮಾಡಿದ ಜಾಣ, ಅಷ್ಟೇ ಎನ್ನುತ್ತಾರೆ. ಹೀಗೆ ಹೇಳುವವರ ಕೈಯಲ್ಲಿರುವ ಅಳತೆಗೋಲು ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಅದು ಮೂಡಿಗೆರೆಯ ‘ನಿರುತ್ತರ’ದ್ದು, ಅಂದರೆ ತೇಜಸ್ವಿಯವರ ಮನೆಯದ್ದು. ತೇಜಸ್ವಿ ಕಂಡದ್ದನ್ನು ಬರೆದರು, ಕಾರ್ನಾಡರು ಓದಿದ್ದನ್ನು ಬರೆದರು ಎಂದು ಎರಡು ಸಾಲಿನಲ್ಲಿ ಒಂದು ತಲೆಮಾರಿನ ಲೆಕ್ಕ ಮುಗಿಸುವುದು ನಮ್ಮಲ್ಲಿ ರೂಢಿಯಾಗಿದೆ. ಇಬ್ಬರೂ ಹುಟ್ಟಿದ್ದು 1938ರಲ್ಲೇ. ಒಬ್ಬರನ್ನು ಎತ್ತಬೇಕಾದರೆ ಇನ್ನೊಬ್ಬರನ್ನು ಇಳಿಸಲೇಬೇಕೆಂದು ಯಾವ ಪಂಚಾಂಗವೂ ಹೇಳಿಲ್ಲ. ಆದರೂ ಹಾಗೇ ನಡೆದಿದೆ, ಮತ್ತು ಇಳಿಸುವ ಕೆಲಸವನ್ನು ಕಾರ್ನಾಡರ ಒಂದು ನಾಟಕವನ್ನೂ ಪೂರ್ತಿ ಓದದವರೇ ಹೆಚ್ಚು ಉತ್ಸಾಹದಿಂದ ಮಾಡುತ್ತ ಬಂದಿದ್ದಾರೆ. ನಾನು ಕಾರ್ನಾಡರ ಪಕ್ಷ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನ ಮಾತುಗಳಲ್ಲಿ ತಕ್ಕಡಿ ಎತ್ತ ವಾಲುತ್ತದೆಂದು ಯಾರೂ ಹುಡುಕಬೇಕಾಗುವುದಿಲ್ಲ.

ಕತೆ ಯಾರದ್ದೆಂಬ ಪ್ರಶ್ನೆಯನ್ನು ಬಿಟ್ಟು, ಆ ಕತೆಯೊಳಗೆ ಕಾರ್ನಾಡರು ಯಾರನ್ನು ತಂದು ಕೂರಿಸಿದರು ಎಂದು ಕೇಳೋಣ. 1961ರ ‘ಯಯಾತಿ’ಯಲ್ಲಿ ಮಗ ತಂದೆಯ ಮುಪ್ಪನ್ನು ಹೊರುತ್ತಾನೆ. ಮಹಾಭಾರತಕ್ಕೆ ಅದು ಪಿತೃಭಕ್ತಿಯ ಪರಮಾವಧಿ, ಮಗನಿಗೆ ಪಟ್ಟ ಸಿಗುತ್ತದೆ, ಕತೆ ಸುಖಾಂತ. ಆ ಪ್ರಸಂಗದಲ್ಲಿ ಪುರುವಿನ ಹೆಂಡತಿಯ ಸುದ್ದಿಯೇ ಇಲ್ಲ. ಇನ್ನೂ ಇಪ್ಪತ್ತೈದು ತುಂಬದ ಒಬ್ಬ ಹುಡುಗ ಅಲ್ಲಿಗೆ ಚಿತ್ರಲೇಖೆಯನ್ನು ಕರೆತರುತ್ತಾನೆ. ಮದುವೆಯಾಗಿ ಆಗಷ್ಟೇ ಹೊಸಿಲು ತುಳಿದವಳ ಎದುರು ಗಂಡ ಹಣ್ಣು ಮುದುಕನಾಗಿ ನಿಂತಿದ್ದಾನೆ, ಮಾವ ಅವನ ಯೌವನ ತೊಟ್ಟುಕೊಂಡಿದ್ದಾನೆ. ಅವಳು ಕೇಳುವ ಪ್ರಶ್ನೆಗೆ ಯಯಾತಿಯ ಹತ್ತಿರವೂ ಉತ್ತರವಿಲ್ಲ, ಪರಂಪರೆಯ ಹತ್ತಿರವೂ ಇಲ್ಲ. ಅವಳು ವಿಷ ಕುಡಿದು ಸಾಯುತ್ತಾಳೆ. ಮೂಲದ ಕತೆಯ ಹಂದರ ಹಾಗೇ ಇದೆ, ಆದರೆ ಅದನ್ನು ಇನ್ನು ಮೇಲೆ ಭಕ್ತಿಯಿಂದ ಓದಲಾಗುವುದಿಲ್ಲ. ‘ತುಘಲಕ್’ನ ಅಜೀಜನನ್ನು ನೋಡಿ. ಸುಲ್ತಾನನ ಒಂದೊಂದು ಆದರ್ಶವನ್ನೂ ತನ್ನ ಕಸುಬಿನ ಬಂಡವಾಳ ಮಾಡಿಕೊಳ್ಳುವ ಈ ಅಗಸ, ಬ್ರಾಹ್ಮಣನ ವೇಷದಲ್ಲಿ ಸರ್ಕಾರದ ಮೇಲೆ ದಾವೆ ಗೆದ್ದು, ಖೋಟಾ ನಾಣ್ಯ ಟಂಕಿಸಿ, ಕೊನೆಗೆ ಸುಲ್ತಾನನಿಂದಲೇ ಹುದ್ದೆ ಪಡೆಯುತ್ತಾನೆ. ಚರಿತ್ರೆಯ ಅಂಚಿನಲ್ಲಿ ಅಂಥ ಹೆಸರು ಎಲ್ಲೋ ಇದ್ದೀತು, ರಂಗದ ಮೇಲಿನ ಆಸಾಮಿ ಮಾತ್ರ ಕಾರ್ನಾಡರ ಸ್ವಂತ ಸರಕು. ‘ಹಯವದನ’ದಲ್ಲಿ ತಲೆ ಅದಲುಬದಲಾಗುವ ಕತೆ ಸೋಮದೇವನ ಕಥಾಸರಿತ್ಸಾಗರದ್ದು, ಥಾಮಸ್ ಮಾನ್ ಅದನ್ನು ಆಗಲೇ ಒಂದು ಸಲ ಉತ್ತು ಬಿತ್ತಿಯಾಗಿತ್ತು. ಆದರೆ ನಾಟಕಕ್ಕೆ ಹೆಸರು ಕೊಟ್ಟ ಆ ಕುದುರೆಮೋರೆಯವನು ಸೋಮದೇವನಲ್ಲೂ ಇಲ್ಲ, ಮಾನ್‌ನಲ್ಲೂ ಇಲ್ಲ.

ಇದು ಮತ್ತೆಮತ್ತೆ ನಡೆಯುವುದರಿಂದ ಆಕಸ್ಮಿಕ ಎನ್ನುವಂತಿಲ್ಲ. ಎಲ್ಲರಿಗೂ ಗೊತ್ತಿರುವ ಕತೆಯ ಮನೆಗೆ ಕರೆಯದ ನೆಂಟನನ್ನು ಕಳಿಸುವುದು, ಆಮೇಲೆ ಮನೆಯವರ ಮುಖ ನೋಡುವುದು, ಇದೇ ಕಾರ್ನಾಡರ ರೀತಿ. ಇದು ನಡೆಯಬೇಕಾದರೆ ಕತೆ ಎಲ್ಲರಿಗೂ ಗೊತ್ತಿರಲೇಬೇಕು. ಹೊಸ ಕತೆಯಲ್ಲಿ ಎಲ್ಲರೂ ಹೊಸಬರೇ, ಅಲ್ಲಿ ಕರೆಯದೆ ಬಂದವರೆಂದು ಯಾರನ್ನು ಗುರುತಿಸುವುದು? ‘ಸ್ವಂತ ಕತೆ ಇಲ್ಲ’ ಎಂಬ ಆಪಾದನೆ ಇಲ್ಲಿ ಬುಡವಿಲ್ಲದ್ದಾಗುತ್ತದೆ, ಏಕೆಂದರೆ ಸ್ವಂತ ಕತೆ ಕಟ್ಟಿದ್ದರೆ ಈ ನಾಟಕಕಾರ ಹೇಳಬೇಕಾದ್ದನ್ನು ಹೇಳಲಾಗುತ್ತಲೇ ಇರಲಿಲ್ಲ.

ಈ ಮಾತು ಬೆಂಗಳೂರಿನ ಸಭಾಂಗಣದಲ್ಲಿ ಕೂತವರಿಗೆ ತಿಳಿಯದಿದ್ದರೆ ಕ್ಷಮಿಸಬಹುದು, ಕಳಸ, ಕೊಪ್ಪ, ಶೃಂಗೇರಿ ಕಡೆಯವರಿಗೆ ತಿಳಿಯದಿದ್ದರೆ ಕ್ಷಮಿಸುವುದು ಕಷ್ಟ. ಕಾಫಿ ಕೊಯ್ಲು ನಡೆಯುವ ತಿಂಗಳುಗಳಲ್ಲೇ ಕರಾವಳಿಯ ಯಕ್ಷಗಾನ ಮೇಳಗಳು ಘಟ್ಟ ಹತ್ತುತ್ತವೆ, ಹರಕೆ ಆಟಗಳು ನಡೆಯುತ್ತವೆ. ಕರ್ಣ ಸಾಯುತ್ತಾನೆಂದು ಗೊತ್ತಿಲ್ಲದವನು ಆ ಚಪ್ಪರದಲ್ಲಿ ಒಬ್ಬನೂ ಇರುವುದಿಲ್ಲ. ಪದ್ಯ ಹಳೆಯದು, ಪ್ರಸಂಗ ಹಳೆಯದು, ಬೆಳಗಿನ ಜಾವದವರೆಗೆ ಜನ ಕೂತಿರುವುದು ಈ ಸಲದ ವೇಷಧಾರಿ ಕರ್ಣನ ಬಾಯಲ್ಲಿ ಏನು ಹೇಳಿಸುತ್ತಾನೆ ಎಂಬುದಕ್ಕೆ. ಅರ್ಥ ಹೇಳುವವನಿಗೆ ‘ಕತೆ ನಿನ್ನದಲ್ಲ’ ಎಂದು ಯಾರೂ ಹೇಳಿಲ್ಲ. ರಾತ್ರಿ ಮೇಳದ ಮುಂದೆ ಕೂತು ತಲೆದೂಗಿದ ಅದೇ ರಸಿಕ, ಬೆಳಗಾಗಿ ಪುಸ್ತಕ ಕೈಗೆತ್ತಿಕೊಂಡ ಕೂಡಲೇ ಕತೆಯ ಹಕ್ಕುಪತ್ರ ಕೇಳುತ್ತಾನೆ. ಯಕ್ಷಗಾನ ಸಮುದಾಯದ ಕಲೆ, ಕಾರ್ನಾಡರು ಆಕ್ಸ್‌ಫರ್ಡಿನಲ್ಲಿ ಓದಿದ ಆಧುನಿಕ ಲೇಖಕ, ಎರಡನ್ನೂ ಒಂದೇ ಮಾಪನದಲ್ಲಿ ಅಳೆಯಬಾರದು ಎಂಬ ಆಕ್ಷೇಪಣೆ ಬಂದೇ ಬರುತ್ತದೆ. ಅದರಲ್ಲಿ ಹುರುಳಿದೆ. ಆದರೆ ಆ ಆಕ್ಷೇಪಣೆಯ ಒಳಗೆ ಇನ್ನೊಂದು ನಂಬಿಕೆ ಅಡಗಿದೆ, ಆಧುನಿಕನಾದವನು ತನ್ನ ಹೊಟ್ಟೆಯಿಂದಲೇ ಎಳೆ ತೆಗೆದು ಬಲೆ ನೇಯಬೇಕು ಎಂಬ ನಂಬಿಕೆ. ಅದನ್ನು ನಮಗೆ ಕಲಿಸಿದ್ದು ನವ್ಯ. ತಮಾಷೆಯೆಂದರೆ, 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ಅದೇ ನವ್ಯದ ಸಹವಾಸ ಸಾಕೆಂದು ಎದ್ದು ಹೋದವರು ತೇಜಸ್ವಿ. ಅವರ ಅಭಿಮಾನಿಗಳು ಮಾತ್ರ ಅವರು ಬಿಟ್ಟು ಬಂದ ಕೋಣೆಯಲ್ಲೇ ಚಾಪೆ ಹಾಸಿಕೊಂಡಿದ್ದಾರೆ.

ಸಿನಿಮಾಕ್ಕೆ ಬರೋಣ, ಏಕೆಂದರೆ ಅಲ್ಲಿ ಈ ಜಿಲ್ಲೆಯೇ ಸಾಕ್ಷಿ. 1970ರ ‘ಸಂಸ್ಕಾರ’ದ ಚಿತ್ರೀಕರಣ ನಡೆದದ್ದು ಶೃಂಗೇರಿ ಬಳಿಯ ವೈಕುಂಠಪುರದಲ್ಲಿ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಚಿತ್ರಕತೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ಮಾಡಿದ ಕಾರ್ನಾಡರು ಮಾಥೇರಾನಿನಲ್ಲಿ ಹುಟ್ಟಿ, ಮನೆಯಲ್ಲಿ ಕೊಂಕಣಿ ಆಡಿ, ಶಿರಸಿ ಧಾರವಾಡಗಳಲ್ಲಿ ಬೆಳೆದವರು. ಈ ಪರಸ್ಥಳದವರ ಗುಂಪು ತೋರಿಸಿದಷ್ಟು ನಿಷ್ಠುರವಾಗಿ ಮಲೆನಾಡಿನ ಅಗ್ರಹಾರವನ್ನು ಇಲ್ಲಿಯವರು ಯಾರೂ ತೆರೆಯ ಮೇಲೆ ತೋರಿಸಿಲ್ಲ. ಮೊದಲು ಸೆನ್ಸಾರ್ ತಡೆಹಿಡಿಯಿತು, ಆಮೇಲೆ ಕನ್ನಡಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಮೊದಲ ಮನ್ನಣೆ ತಂದಿತು. ಅದೆಲ್ಲ ಅನಂತಮೂರ್ತಿಯವರ ಕಾದಂಬರಿಯ ಪುಣ್ಯ ಎನ್ನುವವರು ಕಾದಂಬರಿಯನ್ನು ಮತ್ತೊಮ್ಮೆ ತೆಗೆದು ನೋಡಬೇಕು. ಅದರ ಅರ್ಧ ಭಾಗ ಪ್ರಾಣೇಶಾಚಾರ್ಯರ ತಲೆಯೊಳಗೆ ನಡೆಯುತ್ತದೆ. ತಲೆಯೊಳಗೆ ಕ್ಯಾಮೆರಾ ಇಡಲಾಗುವುದಿಲ್ಲ. ಚಿತ್ರಕತೆಗಾರ ಆ ಒಳಮಾತನ್ನು ಬಿಟ್ಟು ಹೊರಗೆ ಕಾಣುವುದನ್ನು ನೆಚ್ಚಿಕೊಳ್ಳುತ್ತಾನೆ. ಸುಡದೆ ಬಿದ್ದ ಹೆಣ, ಹೆಣ ಎತ್ತುವ ತನಕ ಉಣ್ಣಲಾಗದ ಬ್ರಾಹ್ಮಣರ ಹಸಿವು, ಇಲಿ, ಹದ್ದು, ಮೌನವಾಗಿ ನಡೆಯುವ ಒಂದು ದೇಹ. ಏನನ್ನು ಬಿಡಬೇಕೆಂದು ತಿಳಿಯುವುದೇ ಚಿತ್ರಕತೆಯ ಅರ್ಧ ವಿದ್ಯೆ. ಇಂಗ್ಲೆಂಡಿನಲ್ಲಿ ಹೆರಾಲ್ಡ್ ಪಿಂಟರ್ ಮಾಡಿದ್ದೂ ಇದನ್ನೇ. ‘ದಿ ಸರ್ವೆಂಟ್’, ‘ದಿ ಗೋ ಬಿಟ್ವೀನ್’ ಎರಡೂ ಬೇರೆಯವರ ಕಾದಂಬರಿಗಳು, ಆದರೂ ಆ ಚಿತ್ರಗಳ ಮೌನ ಪಿಂಟರ್‌ದೇ ಎಂದು ಅಲ್ಲಿನ ವಿಮರ್ಶೆ ಗುರುತಿಸಿತು. ನಮ್ಮಲ್ಲಿ ಚಿತ್ರಕತೆಯನ್ನು ಇವತ್ತಿಗೂ ಕಾದಂಬರಿಯ ಗುಮಾಸ್ತಗಿರಿ ಎಂದೇ ತಿಳಿಯುತ್ತೇವೆ.

ಕಾರ್ನಾಡರು ಎರವಲಿಲ್ಲದೆಯೂ ಬರೆಯಬಲ್ಲವರಾಗಿದ್ದರು ಎಂಬುದಕ್ಕೆ 1978ರ ‘ಒಂದಾನೊಂದು ಕಾಲದಲ್ಲಿ’ ಇದೆ. ಅದು ಯಾವ ಕಾದಂಬರಿಯಿಂದಲೂ ಬಂದದ್ದಲ್ಲ. ಅದನ್ನೆತ್ತಿದರೆ ‘ಅದು ಕುರೊಸಾವಾ ಪ್ರಭಾವ’ ಎನ್ನುತ್ತಾರೆ. ಕತೆ ತಂದರೆ ಕಡ, ತರದಿದ್ದರೆ ಪ್ರಭಾವ. ಇಂಥ ನ್ಯಾಯಾಲಯದಲ್ಲಿ ವಾದಿಸುವುದಕ್ಕಿಂತ ಆ ಚಿತ್ರದ ಇಬ್ಬರು ಕೂಲಿ ಯೋಧರ ನಡುವೆ, ಶಂಕರ್ ನಾಗ್ ಮತ್ತು ಸುಂದರಕೃಷ್ಣ ಅರಸ್ ನಡುವೆ, ಹಗೆತನ ಹೇಗೆ ಮಾತಿಲ್ಲದೆ ಗೌರವವಾಗುತ್ತದೆಂದು ನೋಡುತ್ತ ಕೂರುವುದು ಮೇಲು. 1973ರ ‘ಕಾಡು’ ಇನ್ನೂ ದೊಡ್ಡ ಚಿತ್ರ. ಆಲನಹಳ್ಳಿಯವರ ಕಾದಂಬರಿಯ ಹುಡುಗ ಕಿಟ್ಟಿಯ ಕಣ್ಣಳತೆಗೆ ಕ್ಯಾಮೆರಾವನ್ನು ಇಳಿಸಿದ್ದರಿಂದ ಎರಡು ಊರುಗಳ ಹೊಡೆದಾಟ ನಮಗೆ ಕಾರಣವಿಲ್ಲದ ಭಯವಾಗಿ ಮುಟ್ಟುತ್ತದೆ. ‘ಕಾನೂರು ಹೆಗ್ಗಡಿತಿ’ಯ ವಿಷಯದಲ್ಲಿ ಮಾತ್ರ ಎದುರು ಪಕ್ಷಕ್ಕೆ ಒಂದು ಅಂಕ ಬಿಟ್ಟುಕೊಡುತ್ತೇನೆ. 1999ರ ಆ ಚಿತ್ರ ಮಂಕಾಗಿದೆ. ಕುವೆಂಪು ಅವರ ಕಾದಂಬರಿ ಮನುಷ್ಯರು, ನಾಯಿಗಳು, ಗದ್ದೆ, ಕಳ್ಳು, ಮಳೆ ಎಲ್ಲ ಒಟ್ಟಿಗೆ ಉಸಿರಾಡುವ ಜಾತ್ರೆ. ಚಿತ್ರ ಒಂದು ಮನೆಯ ಜಗಲಿಯಷ್ಟಾಯಿತು. ಆದರೆ ಕಾರಣ ಗಮನಿಸಿ. ಅಲ್ಲಿ ಕಾರ್ನಾಡರು ಮೂಲದ ಮುಂದೆ ಕೈಕಟ್ಟಿ ನಿಂತರು, ಕರೆಯದ ನೆಂಟ ಯಾರನ್ನೂ ಒಳಗೆ ಬಿಡಲಿಲ್ಲ. ಎರವಲು ತಂದದ್ದು ತಪ್ಪಾಗಲಿಲ್ಲ, ತಂದ ಒಡವೆಯನ್ನು ಹೆದರಿ ಪೆಟ್ಟಿಗೆಯಲ್ಲೇ ಇಟ್ಟದ್ದು ತಪ್ಪಾಯಿತು.

ಇನ್ನು ‘ಮಣ್ಣಿನ ವಾಸನೆ’. ಕಾರ್ನಾಡರಲ್ಲಿ ಅದಿಲ್ಲವಂತೆ. ಈ ಗುಡ್ಡಗಳಲ್ಲಿ ನಿಂತು ಈ ಮಾತಾಡುವವರ ಧೈರ್ಯ ಮೆಚ್ಚಬೇಕು. ಬಾಬಾಬುಡನ್ ಯೆಮನ್‌ನಿಂದ ಬಚ್ಚಿಟ್ಟು ತಂದರೆಂದು ನಾವೇ ಹೆಮ್ಮೆಯಿಂದ ಹೇಳಿಕೊಳ್ಳುವ ಏಳು ಬೀಜ, ಆಫ್ರಿಕಾದ ರೋಬಸ್ಟಾ, ಆಸ್ಟ್ರೇಲಿಯಾದ ಸಿಲ್ವರ್ ಓಕ್, ಅದಕ್ಕೆ ಹಬ್ಬಿಸಿದ ನಮ್ಮ ಮೆಣಸಿನ ಬಳ್ಳಿ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಎರಡು ತಳಿ ಬೆರೆಸಿ ಕೊಟ್ಟ 795. ತೋಟದಲ್ಲಿ ಇದನ್ನೆಲ್ಲ ಬೆಳೆದು ಮಾರಿದ ಕೈ ಪುಸ್ತಕದಲ್ಲಿ ಅಪ್ಪಟ ನಾಟಿ ಬೀಜ ಬೇಕೆಂದು ಹಟ ಹಿಡಿಯುತ್ತದೆ. ತೇಜಸ್ವಿಯವರ ಪುಸ್ತಕಗಳ ಸಾಲನ್ನೇ ನೋಡಿ. ಕೆನೆತ್ ಆಂಡರ್ಸನ್ನನ ಶಿಕಾರಿ ಕತೆಗಳು, ರುದ್ರಪ್ರಯಾಗದ ನರಭಕ್ಷಕ, ‘ಮಹಾಪಲಾಯನ’. ಯಾವನೋ ದೊರೆಯ ಕಾಡು, ಯಾವನೋ ಕೈದಿಯ ಸೈಬೀರಿಯಾ. ಅವುಗಳನ್ನು ಕನ್ನಡದ ಮಕ್ಕಳು ತಮ್ಮ ಹಿತ್ತಿಲಿನ ಕತೆಯೆಂಬಂತೆ ಓದುತ್ತಾರಲ್ಲ, ಅದು ತೇಜಸ್ವಿಯವರ ಗೆಲುವು. ಅನ್ಯರ ಕತೆಯನ್ನು ತನ್ನದಾಗಿಸಿಕೊಳ್ಳುವ ಬಲ ಮೂಡಿಗೆರೆಯಲ್ಲಿ ಪ್ರತಿಭೆ, ಧಾರವಾಡದಲ್ಲಿ ದಾರಿದ್ರ್ಯ ಆಗುವುದು ಹೇಗೆ? ನಾವು ವಾಸನೆ ಎಂದು ಕರೆಯುವುದು ಬಹುಪಾಲು ಪರಿಚಯದ ಸುಖ. ಹೋಮ್‌ಸ್ಟೇ ಫಲಕಗಳಲ್ಲಿ, ಮಂಜು ಮುಸುಕಿದ ಸಿನಿಮಾ ಹಾಡುಗಳಲ್ಲಿ ಮಾರಾಟವಾಗುತ್ತಿರುವುದೂ ಅದೇ ಸುಖ. 1967ರಲ್ಲಿ ಸಿನಿಮಾ ಆದ ‘ಬೆಳ್ಳಿಮೋಡ’ ಕಾದಂಬರಿಯಲ್ಲಿ, ಎಸ್ಟೇಟ್ ಸಿಗುತ್ತದೆಂದು ಮದುವೆಗೆ ಒಪ್ಪಿ, ಸಿಗದು ಎಂದಾಗ ಬೆನ್ನು ತಿರುಗಿಸುವ ಮೋಹನನಲ್ಲಿ ತ್ರಿವೇಣಿ ಕಾಫಿ ಆಸ್ತಿಯ ಲೆಕ್ಕಾಚಾರವನ್ನು ಬಯಲಿಗಿಟ್ಟರು. ನಾವು ನೆನಪಲ್ಲಿ ಉಳಿಸಿಕೊಂಡದ್ದು ಮೋಡಗಳನ್ನು ಮಾತ್ರ.

ಎದುರು ಪಕ್ಷದ ಬತ್ತಳಿಕೆಯಲ್ಲಿ ನಿಜವಾದ ಬಾಣ ಒಂದಿದೆ, ಅದನ್ನು ಅವರು ಯಾಕೋ ಕಡಿಮೆ ಬಿಡುತ್ತಾರೆ. ಅದು ಕಾರ್ನಾಡರ ಭಾಷೆ. ಶ್ರೀರಂಗರ ಚುರುಕು, ಕಂಬಾರರ ಹಾಡಿನ ಬೀಸು, ಲಂಕೇಶರ ಒರಟು ಅವರ ಸಂಭಾಷಣೆಯಲ್ಲಿಲ್ಲ. ರಾಜನೂ ಸೇವಕಿಯೂ ಹತ್ತಿರ ಹತ್ತಿರ ಒಂದೇ ಕನ್ನಡ ಆಡುತ್ತಾರೆ. ಕೊನೆಗಾಲದ ಕೆಲವು ನಾಟಕಗಳಂತೂ ಇಂಗ್ಲಿಷಿನಲ್ಲಿ ಮೊದಲು ಹುಟ್ಟಿ ಕನ್ನಡಕ್ಕೆ ಬಂದವು. ಇದನ್ನು ನಾನು ಅಲ್ಲಗಳೆಯಲಾರೆ. ಆದರೆ ಅವರ ನಾಟಕದ ಕೆಲಸ ನಡೆಯುವುದು ನುಡಿಗಟ್ಟಿನಲ್ಲಲ್ಲ, ಕಟ್ಟಡದಲ್ಲಿ. ಯಾರು ಯಾವಾಗ ಒಳಗೆ ಬಂದರು, ಯಾರು ಏನನ್ನು ಆರಿಸಿಕೊಂಡರು ಎಂಬಲ್ಲಿ. ‘ಅಗ್ನಿ ಮತ್ತು ಮಳೆ’ಯೊಂದೇ ಸಾಕು ಇದಕ್ಕೆ. ವನಪರ್ವದ ಯವಕ್ರೀತನ ಕತೆಯ ಕೊನೆಯಲ್ಲಿ ದೇವತೆಗಳು ಅರ್ವಾವಸುವಿಗೆ ವರ ಕೊಡುತ್ತಾರೆ. ಅವನು ಕೇಳಿದ್ದೇ ತಡ, ಕೊಲೆಯಾದ ತಂದೆ ಏಳುತ್ತಾನೆ, ಯವಕ್ರೀತ ಏಳುತ್ತಾನೆ, ಭರದ್ವಾಜ ಏಳುತ್ತಾನೆ, ಅಣ್ಣನ ಪಾಪ ತೊಳೆದುಹೋಗುತ್ತದೆ. ಸತ್ತ ಋಷಿಗಳೆಲ್ಲ ಸರಾಗವಾಗಿ ಮನೆಗೆ ಹೋಗುತ್ತಾರೆ. ಕಾರ್ನಾಡರು ಆ ಕತೆಯೊಳಗೆ ನಿತ್ತಿಲೆ ಎಂಬ ಬೇಡರ ಹುಡುಗಿಯನ್ನು ಕರೆತಂದಿದ್ದಾರೆ. ಮೂಲದ ಅರ್ವಾವಸುವೇ ಆದ ಅರವಸು ಎಂಬ ಬ್ರಾಹ್ಮಣ ಹುಡುಗ ಮದುವೆಯ ಮಾತಿಗೆ ಹೊತ್ತಿಗೆ ಸರಿಯಾಗಿ ಬರದೆ ಬೇರೆಯವನ ಹೆಂಡತಿಯಾದವಳು, ಅವನು ಬಿದ್ದಾಗ ಓಡಿ ಬಂದು ಉಪಚರಿಸಿದವಳು, ಅದಕ್ಕಾಗಿ ಗಂಡನ ಚೂರಿಗೆ ಕೊರಳು ಕೊಟ್ಟವಳು. ನಾಟಕದಲ್ಲೂ ಇಂದ್ರ ವರ ಕೊಡಲು ಬರುತ್ತಾನೆ. ಅರವಸು ಅವಳನ್ನು ಕೇಳಬಹುದು. ಆದರೆ ಕಾಲ ಹಿಂದೆ ಸರಿದರೆ ನಡೆದದ್ದೆಲ್ಲ ಮತ್ತೆ ನಡೆಯುತ್ತದೆ, ಪಕ್ಕದಲ್ಲಿ ಒಬ್ಬ ಬ್ರಹ್ಮರಾಕ್ಷಸ ಬಿಡುಗಡೆಗಾಗಿ ಅಂಗಲಾಚುತ್ತಿದ್ದಾನೆ. ಅರವಸು ರಾಕ್ಷಸನ ಬಿಡುಗಡೆ ಕೇಳುತ್ತಾನೆ. ಬರಗಾಲದ ನೆಲಕ್ಕೆ ಮಳೆ ಸುರಿಯುತ್ತದೆ, ಜನ ಕುಣಿಯುತ್ತಾರೆ. ಅವನು ನಿತ್ತಿಲೆಯ ಹೆಣದ ಪಕ್ಕ ಕೂತಿರುತ್ತಾನೆ.