ಇಂಗ್ಲಿಷಿನ ಕಾಗೆ

ಕಾಗೆಗಳು ಒಟ್ಟಿಗೆ ಕೂತರೆ ಇಂಗ್ಲಿಷಿನಲ್ಲಿ ಆ ಗುಂಪಿಗೆ 'ಮರ್ಡರ್' ಅಂತಾರೆ. ಅಂದರೆ ಕೊಲೆ! ರೇವನ್ ಎಂಬ ದೊಡ್ಡ ಕಾಗೆಯ ಗುಂಪಿಗೆ 'ಅನ್‌ಕೈಂಡ್‌ನೆಸ್', ನಿರ್ದಯೆ. ಈ ಎರಡೂ ಹೆಸರು 1486ರಲ್ಲಿ ಅಚ್ಚಾದ 'ಬುಕ್ ಆಫ್ ಸೇಂಟ್ ಆಲ್ಬನ್ಸ್'ನಲ್ಲಿವೆ. ಅದು ಬೇಟೆಯಾಡುವ ಸಿರಿವಂತರ ಪುಸ್ತಕ. ಯುದ್ಧ ಹೂಡಿ ಹೆಣ ಕೆಡವಿದವರು, ನೇಣು ಹಾಕಿದವರ ದೇಹವನ್ನು ಕಂಬದಲ್ಲೇ ಬಿಟ್ಟವರು ದೊರೆಗಳು. ಬಿದ್ದದ್ದನ್ನು ತಿಂದದ್ದಷ್ಟೇ ಹಕ್ಕಿಯ ಕೆಲಸ. ಕೊಲೆಯ ಹೆಸರು ಮಾತ್ರ ಹಕ್ಕಿಯ ತಲೆಗೆ ಬಂತು.

'ರೂಕ್' ಇನ್ನೊಂದು ಕಪ್ಪು ಹಕ್ಕಿ. ಕ್ರಿಯಾಪದವಾದರೆ ಮೋಸ ಮಾಡು ಅಂತ ಅರ್ಥ. 'ಕಾಗೆ ತಿನ್ನುವುದು' ಅಂದರೆ ಅವಮಾನ ನುಂಗುವುದು. 'ಕಾಗೆ ಹಾರುವಂತೆ' ಅಂದರೆ ನೇರ ದಾರಿ. ಇದೊಂದರಲ್ಲಾದರೂ ನ್ಯಾಯ ಸಿಕ್ಕಿದೆ ಬಿಡಿ.

ಬೈಗುಳ ಹಕ್ಕಿಯಲ್ಲೇ ನಿಲ್ಲಲಿಲ್ಲ. 1592ರಲ್ಲಿ, ಎರಡು ವಿಶ್ವವಿದ್ಯಾಲಯಗಳ ಪದವಿ ಪಡೆದಿದ್ದ ರಾಬರ್ಟ್ ಗ್ರೀನ್ ಹೆಸರಿನಲ್ಲಿ ಒಂದು ಪುಸ್ತಕ ಬಂತು. ನಮ್ಮ ಗರಿ ಸಿಕ್ಕಿಸಿಕೊಂಡು ಮೆರೆಯುವ ಕಾಗೆ ಅಂತ ಅದರಲ್ಲಿ ಒಬ್ಬ ನಟನನ್ನು ಹಂಗಿಸಲಾಯಿತು. ಆ ನಟ ಶೇಕ್ಸ್‌ಪಿಯರ್ ಎನ್ನುತ್ತಾರೆ ವಿದ್ವಾಂಸರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದವನು ಬರೆಯತೊಡಗಿದರೆ ಓದಿದವರಿಗೆ ಅವನು ಕಾಗೆ. ಈ ದನಿ ನಮಗೇನೂ ಹೊಸದಲ್ಲ.

ಆಮೇಲಿನದು ನಗುವ ಮಾತಲ್ಲ. 1830ರ ಸುಮಾರಿಗೆ ಅಮೆರಿಕದಲ್ಲಿ ಟಿ. ಡಿ. ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಮಸಿ ಬಳಿದುಕೊಂಡು, ಹರಕು ಬಟ್ಟೆ ತೊಟ್ಟು, 'ಜಿಮ್ ಕ್ರೋ' ಆಗಿ ಕುಣಿದ. ಕರಿಯರ ಅಣಕ ನೋಡಲು ಜನ ದುಡ್ಡು ಕೊಟ್ಟರು. ಶತಮಾನ ಮುಗಿಯುವಷ್ಟರಲ್ಲಿ ಆ ಹೆಸರು ಕಾನೂನಿಗೇ ಅಂಟಿತ್ತು: ಬೇರೆ ಶಾಲೆ, ಬೇರೆ ರೈಲುಡಬ್ಬಿ, ಕುಡಿಯುವ ನೀರಿಗೂ ಬೇರೆ ನಲ್ಲಿ. ಬೇರೆ ಡಬ್ಬಿ ಸರಿಯೆಂದು 1896ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಬೇರೆ ನೀರು ಅಂದರೇನು ಅಂತ ನಮ್ಮ ಕೇರಿಗಳಿಗೆ ಯಾರೂ ವಿವರಿಸಬೇಕಾಗಿಲ್ಲ.

ಇಂಪಾಗಿ ಹಾಡುವ ಬ್ಲ್ಯಾಕ್‌ಬರ್ಡ್ ಹೆಸರನ್ನೂ ಬಿಡಲಿಲ್ಲ. ಪೆಸಿಫಿಕ್ ದ್ವೀಪಗಳ ಜನರನ್ನು ಮೋಸದಿಂದಲೋ ಬಲಾತ್ಕಾರದಿಂದಲೋ ಹಡಗಿಗೇರಿಸುವ ದಂಧೆಗೆ 'ಬ್ಲ್ಯಾಕ್‌ಬರ್ಡಿಂಗ್' ಎಂದರು. 1863ರಿಂದ 1904ರವರೆಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ ಸುಮಾರು 62,000 ದ್ವೀಪವಾಸಿಗಳನ್ನು ದುಡಿಮೆಗೆ ತಂದರು. ಕೆಲವರು ಒಪ್ಪಿ ಬಂದರು, ಹಿಡಿದು ತಂದವರೂ ಇದ್ದರು. ಕಬ್ಬಿನ ಗದ್ದೆಯಲ್ಲಿ ಬೆನ್ನು ಬಾಗಿಸಿದ ಮನುಷ್ಯ, ಇಂಗ್ಲಿಷಿನ ಬಾಯಲ್ಲಿ ಬಲೆಗೆ ಬಿದ್ದ ಹಕ್ಕಿ!

ಮೇಷ್ಟ್ರುಗಳೇ, ಈ ನುಡಿಗಟ್ಟುಗಳನ್ನು ಮಕ್ಕಳಿಗೆ ಬರೆಸುವಾಗ ಅರ್ಥದ ಜೊತೆಗೆ ಇದನ್ನೂ ಹೇಳಿ. ಪೌಲಿ ಮರ್ರೆ ಹೆಸರನ್ನೂ ಹೇಳಿ. ಕರಿಯ ಹೆಣ್ಣಾಗಿ ಹುಟ್ಟಿ ವಕೀಲಿ ಓದಿದ ಆಕೆ, ಹೆಂಗಸರನ್ನು ಹೊರಗಿಡುವ ಕಾನೂನಿಗೂ ಒಂದು ಹೆಸರು ಕಟ್ಟಿದರು: 'ಜೇನ್ ಕ್ರೋ'. 1965ರಲ್ಲಿ ಅದೇ ಹೆಸರನ್ನು ತಲೆಬರಹದಲ್ಲಿಟ್ಟು, ಇನ್ನೊಬ್ಬ ವಕೀಲೆಯ ಜೊತೆ ಸೇರಿ, ಕಾನೂನು ಪತ್ರಿಕೆಯಲ್ಲಿ ಲೇಖನ ಬರೆದರು. ಅಣಕಿಸಲು ಹುಟ್ಟಿದ ಕಾಗೆ ಅಲ್ಲಿ ಸಾಕ್ಷಿ ನುಡಿಯಿತು.