ದೋಸೆಯ ನೆನಪು, ಲೋಟದ ನೆನಪು

ಬೆಂಗಳೂರಿನ ಹೋಟೆಲುಗಳ ಬಗ್ಗೆ ಕನ್ನಡದಲ್ಲಿ ಬರೆದದ್ದು ಕಡಿಮೆಯೇನಿಲ್ಲ. ಭಾನುವಾರದ ಪುರವಣಿ ತೆಗೆದರೆ ಒಂದು ಮಸಾಲೆದೋಸೆ, ಹಿರಿಯರ ಆತ್ಮಕಥೆ ತೆಗೆದರೆ ಎರಡು ಬೈಟೂ ಕಾಫಿ, ಲಲಿತ ಪ್ರಬಂಧ ತೆಗೆದರೆ ಬೆಣ್ಣೆ ಕರಗುತ್ತಿರುವ ಖಾಲಿದೋಸೆ. ಇವನ್ನೆಲ್ಲ ಒಟ್ಟಿಗಿಟ್ಟು ಓದಿದರೆ ಕಾಣುವ ಬೆಂಗಳೂರು ಬಹಳ ಸಣ್ಣದು. ಗಾಂಧಿಬಜಾರು, ಮಲ್ಲೇಶ್ವರ, ಶಂಕರಪುರ. ದಂಡಿನ ಕಡೆಗೆ ದಾಟಿದರೆ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸು. ಕಾಟನ್‌ಪೇಟೆ, ಕಲಾಸಿಪಾಳ್ಯ, ಶಿವಾಜಿನಗರಗಳಲ್ಲಿ ಇಷ್ಟು ವರ್ಷ ಯಾರೂ ಉಂಡೇ ಇಲ್ಲವೇನೋ ಅನ್ನಿಸಬೇಕು, ಹಾಗಿದೆ ಈ ಬರಹ.

ನಮ್ಮ ತಕರಾರು ದೋಸೆಯ ಮೇಲಲ್ಲ. ವಿದ್ಯಾರ್ಥಿ ಭವನದ ದೋಸೆ ಚೆನ್ನಾಗಿಯೇ ಇದೆ. ನಾವೂ ಕಾದು ನಿಂತು ತಿಂದಿದ್ದೇವೆ, ಗೋಡೆಯ ಮೇಲಿನ ಕನ್ನಡ ಸಾಹಿತಿಗಳ ಚಿತ್ರಗಳನ್ನು ನೋಡಿದ್ದೇವೆ. ಹೆಸರೇ ಹೇಳುವಂತೆ 1943ರಲ್ಲಿ ವಿದ್ಯಾರ್ಥಿಗಳಿಗೆಂದು ಶುರುವಾದ ಜಾಗ ಅದು. ನಿಸಾರ್ ಅಹಮದರ ಮೊದಲ ಸಂಕಲನದ ಹೆಸರು 'ಮನಸು ಗಾಂಧಿಬಜಾರು'. ಆ ಬಜಾರು ಒಂದೇ ಜಾತಿಯವರ ಜಹಗೀರಾಗಿರಲಿಲ್ಲ ಎನ್ನುವುದಕ್ಕೆ ಅದೊಂದೇ ಹೆಸರು ಸಾಕು. ನಮ್ಮ ತಕರಾರಿರುವುದು ದೋಸೆಯ ಮೇಲೆ ಬೆಳೆದು ನಿಂತಿರುವ ಬರಹದ ಮೇಲೆ. ಅದು ನೆನಪಿನ ಸಾಹಿತ್ಯ. ಆ ನೆನಪಿನಲ್ಲಿ ಬಾಗಿಲು ಅನ್ನುವುದೇ ಬರುವುದಿಲ್ಲ. ಯಾವ ಬಾಗಿಲಲ್ಲೂ ಯಾರೂ ತಡೆದು ನಿಲ್ಲಿಸದವನಿಗೆ ಬಾಗಿಲಿನ ನೆನಪು ಯಾಕಿರುತ್ತೆ?

ನಮ್ಮವರ ಹೋಟೆಲಿನ ನೆನಪು ದೋಸೆಯಿಂದ ಶುರುವಾಗುವುದಿಲ್ಲ, ಲೋಟದಿಂದ ಶುರುವಾಗುತ್ತೆ. ಊರ ಟೀ ಅಂಗಡಿಯ ಸೂರಿಗೆ ಸಿಕ್ಕಿಸಿದ ತೆಂಗಿನ ಚಿಪ್ಪು ಅಥವಾ ಅಂಚು ನೆಗ್ಗಿದ ಲೋಟ. ಅದನ್ನು ನಾವೇ ತಗೋಬೇಕು, ಮೇಲಿಂದ ಹುಯ್ಯಿಸಿಕೊಳ್ಳಬೇಕು, ಹೊರಗೆ ಕೂತು ಕುಡಿದು ನಾವೇ ತೊಳೆದು ಮತ್ತೆ ಸಿಕ್ಕಿಸಬೇಕು. ದುಡ್ಡು ಮಾತ್ರ ಒಳಗೆ ಕೂತವರಷ್ಟೇ ಕೊಡಬೇಕು. ಈಗ ಅನೇಕ ಕಡೆ ಚಿಪ್ಪು ಹೋಗಿದೆ. ಕುಡಿದು ಬಿಸಾಡುವ ಪ್ಲಾಸ್ಟಿಕ್ ಲೋಟ ಬಂದು ಅಂಗಡಿಯವನಿಗೂ ಅನುಕೂಲವಾಯ್ತು, ಕಾನೂನಿಗೂ ಕಣ್ಣು ಮುಚ್ಚಿಕೊಳ್ಳುವುದಕ್ಕೆ ಅನುಕೂಲವಾಯ್ತು.

ಸಂವಿಧಾನದ 15ನೇ ವಿಧಿಯ ಎರಡನೇ ಭಾಗವನ್ನು ಶಾಲೆಯ ಮೇಷ್ಟ್ರುಗಳು ಒಮ್ಮೆ ತರಗತಿಯಲ್ಲಿ ಗಟ್ಟಿಯಾಗಿ ಓದಿಸಬೇಕು. ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು ಎಂದು ಹೆಸರು ಹಿಡಿದೇ ಬರೆದಿದ್ದಾರೆ ಅಲ್ಲಿ. ಸಮಾನತೆ ಅನ್ನುವ ದೊಡ್ಡ ಮಾತಾಡಿ ಸುಮ್ಮನಾಗಬಹುದಿತ್ತು, ಆಗಲಿಲ್ಲ. ಒಂದು ದೇಶ ತನ್ನ ಮೂಲ ಕಾನೂನಿನಲ್ಲಿ ಹೋಟೆಲಿನ ಮಾತೆತ್ತಬೇಕಾಯಿತು ಎಂದರೆ ಆ ದೇಶದ ಹೋಟೆಲು ಹೇಗಿದ್ದಿರಬೇಕು? ಈ ಪ್ರಶ್ನೆ ನಮ್ಮ ದೋಸೆ ಸಾಹಿತ್ಯದಲ್ಲಿ ಒಂದು ಸಾಲಾಗಿಯೂ ಬಂದದ್ದನ್ನು ನಾವು ಕಂಡಿಲ್ಲ.

ಹಳ್ಳಿಯಿಂದ ಬಂದ ನಮಗೆ ಈ ಮಹಾನಗರ ಮೊದಲು ಕೊಟ್ಟದ್ದು ಒಂದು ಸ್ಟೀಲ್ ಲೋಟ. ಗಲ್ಲಾದಲ್ಲಿ ದುಡ್ಡಿಟ್ಟರೆ ಟೋಕನ್ನು, ಟೋಕನ್ನಿಟ್ಟರೆ ಕಾಫಿ. ಯಾವೂರು, ಯಾರ ಮಗ, ಯಾವ ಕೇರಿ ಒಂದೂ ಇಲ್ಲ. ಊರಲ್ಲಿ ದುಡ್ಡಿದ್ದರೂ ಸಿಗದ ಲೋಟ ಇಲ್ಲಿ ದುಡ್ಡಿಗೆ ಸಿಕ್ಕಿತು. ಇದನ್ನು ಕ್ರಾಂತಿ ಅನ್ನುವಷ್ಟು ಮುಗ್ಧರು ನಾವಲ್ಲ. ಬಂಡವಾಳಶಾಹಿಗೆ ಬೇಕಿರುವುದು ಗಿರಾಕಿಯ ಜೇಬು, ಅವನ ಕುಲವಲ್ಲ. ಆದರೂ ಹಾಸ್ಟೆಲಿನಿಂದ ಹೊರಬಂದು ಎಲ್ಲರ ಜೊತೆ ಒಂದೇ ಬೆಂಚಿನ ಮೇಲೆ ಕೂತು ಕುಡಿದ ಆ ಕಾಫಿಯ ಬಿಸಿ ಸುಳ್ಳಲ್ಲ.

1983ರಲ್ಲಿ ಜಯನಗರದಲ್ಲಿ ಶುರುವಾದ ಕೆಫೆ ದರ್ಶಿನಿ, ಅದರ ಹಿಂದೆ ಗಲ್ಲಿಗಲ್ಲಿಗೆ ಹಬ್ಬಿದ ದರ್ಶಿನಿಗಳು ಈ ಕೆಲಸವನ್ನು ಇನ್ನೂ ಮುಂದಕ್ಕೆ ಒಯ್ದವು. ಅಲ್ಲಿ ಕೂರುವಂತಿಲ್ಲ, ನಿಂತೇ ತಿನ್ನಬೇಕು. ನಿಂತು ತಿನ್ನುವುದು ದನಗಳ ಲಕ್ಷಣ ಎಂದು ಮೂಗು ಮುರಿದ ಹಿರಿಯರಿದ್ದಾರೆ. ಮಠಗಳ ಪಂಕ್ತಿಭೇದವನ್ನು ಬಲ್ಲ ನಮಗೆ ಬೇರೆಯೇ ಕಂಡಿತು. ಕೂತರೆ ತಾನೇ ಸಾಲು, ಸಾಲಿದ್ದರೆ ತಾನೇ ಮೇಲು ಕೀಳು. ನಿಂತವರಿಗೆ ಪಂಕ್ತಿ ಎಲ್ಲಿಂದ ಬರಬೇಕು? ಪಕ್ಕದಲ್ಲಿ ಬ್ಯಾಂಕಿನ ಅಧಿಕಾರಿ, ಈ ಕಡೆ ಆಟೋ ಡ್ರೈವರು, ನಡುವೆ ನಾವು, ಒಂದೇ ಕಲ್ಲಿನ ಮೇಜಿನ ಮೇಲೆ ಮೂರು ತಟ್ಟೆ. ಆದರೆ ಎಷ್ಟೋ ಹೋಟೆಲುಗಳಲ್ಲಿ ಕೆಳಗೆ ನಿಂತು ತಿಂದರೆ ಒಂದು ರೇಟು, ಮೇಲಿನ ಏ.ಸಿ. ಹಾಲಿನಲ್ಲಿ ಕೂತರೆ ಇನ್ನೊಂದು. ಹಿಟ್ಟು ಅದೇ, ಚಟ್ನಿ ಅದೇ. ಪಂಕ್ತಿ ಮೆಟ್ಟಿಲು ಹತ್ತಿ ಹೋಗಿ ಕೂತಿದೆ.

ಇನ್ನು ಬೋರ್ಡಿನ ಮಾತು. ಹೋಟೆಲೊಂದರಲ್ಲಿ ಮೊದಲು ಓದಬೇಕಾದದ್ದು ಮೆನು ಅಲ್ಲ, ಬೋರ್ಡು. ಎಂ.ಟಿ.ಆರ್. ಎಂದು ಇಂದು ಜಗತ್ತೇ ಕರೆಯುವ ಹೋಟೆಲು 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಮಾವಳ್ಳಿ ಟಿಫಿನ್ ರೂಮ್ಸ್ ಆದದ್ದು 1960ರಲ್ಲಿ. ಆ ಕಾಲಕ್ಕೆ ಈ ಹೆಸರು ಒಂದು ಜಾಹೀರಾತು. ಹೋಟೆಲಲ್ಲಿ ಉಂಡರೆ ಜಾತಿ ಕೆಡುತ್ತೆ ಎಂದು ಹೆದರುತ್ತಿದ್ದ ಜನರಿಗೆ, ಹೆದರಬೇಡಿ, ಒಲೆಯ ಮುಂದಿರುವವರು ಬ್ರಾಹ್ಮಣರೇ ಎಂದು ಕೊಟ್ಟ ಭರವಸೆ ಅದು. ಇಂಥ ಬೋರ್ಡುಗಳ ವಿರುದ್ಧ ಪೆರಿಯಾರ್ 1957ರಲ್ಲಿ ಮದರಾಸಿನ ತಿರುವಲ್ಲಿಕ್ಕೇಣಿಯ ಹೋಟೆಲೊಂದರ ಮುಂದೆ ಚಳವಳಿಯನ್ನೇ ಹೂಡಿದರು. ದಿನಾ ಜನ ಹೋಗಿ ನಿಂತರು, ಜೈಲಿಗೆ ಹೋದರು. ಅಸ್ಪೃಶ್ಯತೆಯನ್ನು ಅಪರಾಧ ಎಂದ ಕಾನೂನು 1955ರಲ್ಲೇ ಬಂದಿತ್ತು. ಅದಾಗಿ ಹತ್ತು ವರ್ಷಕ್ಕೆ, 1965ರಲ್ಲಿ, ನಮ್ಮ ಶಂಕರಪುರದಲ್ಲಿ ಬ್ರಾಹ್ಮಿನ್ಸ್ ಕಾಫಿ ಬಾರ್ ಶುರುವಾಯಿತು. ಹೆಸರು ಇವತ್ತಿಗೂ ಹಾಗೇ ಇದೆ.

"ಅಲ್ಲಿ ಇಡ್ಲಿ ತಿನ್ನೋಕೆ ಯಾರೂ ಜಾತಿ ಕೇಳಲ್ಲವಲ್ಲ, ನಿಮಗೇನು ಕಷ್ಟ?" ಎನ್ನುವ ಗೆಳೆಯರಿದ್ದಾರೆ. ಹೌದಪ್ಪ, ಕೇಳಲ್ಲ. ಕೇಳುವ ಅಗತ್ಯವೂ ಇಲ್ಲ. ಬೋರ್ಡಿನ ಮೇಲೆ ಬರೆದಿರುವುದು ತಿನ್ನುವವನ ಜಾತಿಯಲ್ಲ, ಬೇಯಿಸುವವನ ಜಾತಿ. ಇದೇ ರಸ್ತೆಯಲ್ಲಿ ಇನ್ನೊಬ್ಬ ತನ್ನ ಕುಲದ ಹೆಸರು ಬರೆದು 'ಹೊಲೆಯರ ಕಾಫಿ ಬಾರ್', 'ಮಾದಿಗರ ಟಿಫಿನ್ ರೂಮ್' ಎಂದು ಬೋರ್ಡು ಹಾಕಲಿ. ಇಡ್ಲಿ ಅಷ್ಟೇ ಮೃದುವಾಗಿರಲಿ, ಚಟ್ನಿ ಅಷ್ಟೇ ನೀರಾಗಿರಲಿ. ಎಷ್ಟು ಜನ ಕ್ಯೂ ನಿಲ್ತಾರೆ? ಒಂದು ಜಾತಿಯ ಹೆಸರು ರುಚಿಯ ಗ್ಯಾರಂಟಿಯಾಗಿ, ಇನ್ನೊಂದು ಜಾತಿಯ ಹೆಸರು ಬೈಗುಳವಾಗಿ ಉಳಿದಿರುವ ತನಕ ಬೋರ್ಡನ್ನು ಬರೀ ಬೋರ್ಡು ಎಂದು ಓದಲಾಗುವುದಿಲ್ಲ. ಆ ಎರಡನೇ ಬೋರ್ಡು ಯಾಕೆ ಬರಲಿಲ್ಲ ಎಂದು ಕೇಳುವುದು ವಿಮರ್ಶೆಯ ಕೆಲಸ. ನಮ್ಮ ದೋಸೆ ಬರಹಗಾರರು ಬೆಣ್ಣೆಯ ಬಣ್ಣ ನೋಡುತ್ತಾ ಕೂತಿದ್ದಾರೆ.

ಬೋರ್ಡಿನಿಂದ ಒಳಗೆ ಹೋದರೆ ಅಡುಗೆಮನೆ. ಎಂ.ಟಿ.ಆರ್.ನಲ್ಲಿ ಗಿರಾಕಿಗಳು ಅಡುಗೆಮನೆಯನ್ನು ನೋಡಿಕೊಂಡೇ ಊಟದ ಕೋಣೆಗೆ ಹೋಗುವ ಏರ್ಪಾಡಿತ್ತು ಎಂದು ಎಲ್ಲರೂ ಬರೆಯುತ್ತಾರೆ. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪು ಸುತ್ತಿ ಬಂದ ಮೇಲೆ ಚೊಕ್ಕಟತನದ ಈ ಶಿಸ್ತು ಬಂತಂತೆ. ಮೆಚ್ಚಬೇಕಾದದ್ದೇ. ಮಡಿಯ ಜಾಗಕ್ಕೆ ಸೋಪು, ಬಿಸಿನೀರು ಬಂದದ್ದು ಸಣ್ಣ ಸಂಗತಿಯಲ್ಲ. ಆದರೆ ನಾವು ಕೇಳುವುದು ಒಂದೇ ಹೋಟೆಲಿನ ಮಾತಲ್ಲ, ಈ ಊರಿನ ಹೋಟೆಲುಗಳ ಮಾತು. ಪಾತ್ರೆ ಬೆಳಗಿದ್ದು ಕಂಡಿತು. ಒಲೆಯ ಹತ್ತಿರ ಯಾರು, ಮುಸುರೆ ತೊಟ್ಟಿಯ ಹತ್ತಿರ ಯಾರು ಎನ್ನುವುದು ಯಾರಿಗಾದರೂ ಕಂಡಿತೇ?

ಭಾಷೆಯನ್ನೇ ನೋಡಿ. ಹೋಟೆಲಲ್ಲಿ ಅಡುಗೆ ಮಾಡುವವನು ಯಾರೇ ಇರಲಿ ಅವನು 'ಭಟ್ಟರು'. ತಟ್ಟೆ ತಂದಿಡುವ ಹುಡುಗ 'ಮಾಣಿ'. ಮೇಜು ಒರೆಸಿ ಎಂಜಲು ತಟ್ಟೆ ಬಾಚಿಕೊಂಡು ಹೋಗುವವನಿಗೆ ಮಾತ್ರ ಕನ್ನಡದಲ್ಲಿ ಹೆಸರಿಲ್ಲ, ಅವನು 'ಕ್ಲೀನರ್'. ದಕ್ಷಿಣ ಭಾರತದ ಸಣ್ಣ ಹೋಟೆಲುಗಳಲ್ಲಿ ಊಟ, ಜಾತಿ, ಕೆಲಸ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂದು ಐವರ್ಸನ್ ಮತ್ತು ರಾಘವೇಂದ್ರ ಎಂಬ ಇಬ್ಬರು ಸಂಶೋಧಕರು 2006ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬೋರ್ಡು ಏನನ್ನು ಬಚ್ಚಿಡುತ್ತೆ ಎನ್ನುವ ಅರ್ಥದ ತಲೆಬರಹ ಅದಕ್ಕಿದೆ. ಅದು ಇಂಗ್ಲಿಷಿನಲ್ಲಿದೆ. ಆ ತಲೆಬರಹದ ಪ್ರಶ್ನೆಯನ್ನು ಕನ್ನಡದ ಪುರವಣಿಗಳು ಕೈಗೆತ್ತಿಕೊಂಡದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ಬೆಲೆ ಕಟ್ಟಿದಾಗ ಮಾಲೀಕರಿಗಾದ ನಷ್ಟವನ್ನು ವೀರಗಾಥೆಯಂತೆ ಮತ್ತೆಮತ್ತೆ ಬರೆದಿದ್ದಾರೆ. ಅದೇ ಕಾಲದಲ್ಲಿ ರುಬ್ಬುವ ಕಲ್ಲಿನ ಮುಂದಿದ್ದವನ ಸಂಬಳ ಎಷ್ಟಿತ್ತು? ಆ ಗಾಥೆಯಲ್ಲಿ ಅವನಿಲ್ಲ.

ಇಲ್ಲಿ ಇಂಡಿಯಾ ಕಾಫಿ ಹೌಸಿನ ಮಾತು ಹೇಳಲೇಬೇಕು. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿ ಕೆಲಸಗಾರರನ್ನು ಬೀದಿಗೆ ಹಾಕಿದಾಗ, ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಕೆಲಸಗಾರರೇ ಸಹಕಾರ ಸಂಘ ಕಟ್ಟಿ ಹೋಟೆಲು ನಡೆಸಿದರು. ಅಂಥ ಮೊದಲ ಸಂಘ ಹುಟ್ಟಿದ್ದು ಇದೇ ಬೆಂಗಳೂರಿನಲ್ಲಿ, 1957ರಲ್ಲಿ. ಎಂ.ಜಿ. ರಸ್ತೆಯ ಕಾಫಿ ಹೌಸು 2009ರಲ್ಲಿ ಮುಚ್ಚಿ ಚರ್ಚ್ ಸ್ಟ್ರೀಟಿಗೆ ಹೋದಾಗ ಹರಿದ ಕಣ್ಣೀರೆಲ್ಲ ಕಿಟಕಿ ಪಕ್ಕದ ಮೇಜಿಗೆ, ಪೇಟ ಸುತ್ತಿದ ಬೇರರ್‌ಗಳ ಚಂದಕ್ಕೆ. ಆ ಪೇಟದ ಕೆಳಗಿದ್ದವನೇ ಅಲ್ಲಿನ ಮಾಲೀಕರಲ್ಲೊಬ್ಬ ಎನ್ನುವುದು ಎಷ್ಟು ಬರಹಗಳಲ್ಲಿ ಬಂತು?

ಮಿಲಿಟ್ರಿ ಹೋಟೆಲಿಗೆ ಬರೋಣ. ಕಾಟನ್‌ಪೇಟೆ ಕಡೆಯ ಎಸ್.ಜಿ. ರಾವ್ಸ್ ಮಿಲಿಟ್ರಿ ಹೋಟೆಲು 1908ರದ್ದು. ಕಾಫಿ ಕ್ಲಬ್ಬಿಗಿಂತ ಹದಿನಾರು ವರ್ಷ ಹಿರಿದು, ನೆನಪಿನ ಸಾಹಿತ್ಯದಲ್ಲಿ ಮಾತ್ರ ಕಿರಿದು. ಮರಾಠಾ ದಂಡಿನಿಂದ ಈ ಹೆಸರು ಬಂತು ಅನ್ನುತ್ತಾರೆ. ಮುದ್ದೆ, ಕಾಲು ಸೂಪು, ತಲೆಮಾಂಸ, ಬೋಟಿ, ಕೈಮಾ ಉಂಡೆ, ದೊನ್ನೆ ಬಿರಿಯಾನಿ. ಇಲ್ಲಿ ಬಾಳೆ ಎಲೆಯ ಮುಂದೆ ಯಾರೂ ಪಿಸುಮಾತಾಡುವುದಿಲ್ಲ. ಮೂಳೆ ಚೀಪುವ ಸದ್ದಿಗೆ ಯಾರೂ ತಿರುಗಿ ನೋಡುವುದಿಲ್ಲ. ಮನೆ ಬಿಟ್ಟು ಬಂದ ನಮ್ಮ ಹುಡುಗರಿಗೆ ಇದು ಮನೆ. ಹಾಗಂತ ಇದನ್ನು ಹೊತ್ತು ಮೆರೆಸಲು ನಾವು ತಯಾರಿಲ್ಲ. ಇಲ್ಲೂ ಗಲ್ಲಾದ ಹಿಂದೆ ಒಬ್ಬ ಇದ್ದಾನೆ, ಹಿತ್ತಲಲ್ಲಿ ಪಾತ್ರೆ ತಿಕ್ಕುವವಳು ಒಬ್ಬಳಿದ್ದಾಳೆ. ಇಲ್ಲಿನ ಬಾಡಿಗೂ ಒಂದು ಗೆರೆ ಇದೆ: ಕುರಿ, ಕೋಳಿ, ಅಲ್ಲಿಗೆ ನಿಲ್ಲುತ್ತೆ. ದನದ ಬಾಡು ಬೇಕೆಂದರೆ ಶಿವಾಜಿನಗರಕ್ಕೋ ಟ್ಯಾನರಿ ರಸ್ತೆಗೋ ಹೋಗಬೇಕು. ಅದೂ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ ಉಳಿದಿದೆ. ಬಡವನ ತಟ್ಟೆಯಲ್ಲಿ ಎಷ್ಟು ವಯಸ್ಸಿನ ಪ್ರಾಣಿ ಇರಬೇಕೆಂದು ವಿಧಾನಸೌಧದಲ್ಲಿ ತೀರ್ಮಾನವಾಗಿದೆ.

ಅದಕ್ಕಿಂತ ಹಳೆಯ ಕಾಯ್ದೆ ನಮ್ಮ ಶಬ್ದಕೋಶದಲ್ಲಿದೆ. 'ಶುದ್ಧ ಸಸ್ಯಾಹಾರಿ' ಎಂಬ ಬೋರ್ಡು ಎಲ್ಲೆಲ್ಲೂ ಇದೆ. ಸೊಪ್ಪು ತಿಂದರೆ ಶುದ್ಧವಾದರೆ ಬಾಡು ತಿಂದವನು ಏನು? ಆ ಮಾತನ್ನು ಬೋರ್ಡಿನ ಮೇಲೆ ಬರೆಯುವುದಿಲ್ಲ, ಓದುವವನೇ ತುಂಬಿಕೊಳ್ಳುತ್ತಾನೆ. 2024ರ ಮಾರ್ಚಿನಲ್ಲಿ ಮನೆಗೆ ಊಟ ತಲುಪಿಸುವ ಜೊಮ್ಯಾಟೊ ಕಂಪನಿ ಸಸ್ಯಾಹಾರಿಗಳಿಗೆಂದೇ ಹಸಿರು ಬಟ್ಟೆ ತೊಟ್ಟ ಬೇರೆ ಹುಡುಗರ ಪಡೆ ಮಾಡುತ್ತೇವೆ ಎಂದಿತು. ಗದ್ದಲವಾದ ಮೇಲೆ ಮರುದಿನವೇ ಹಸಿರು ಬಟ್ಟೆ ಕೈಬಿಟ್ಟಿತು, ಪಡೆಯನ್ನಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಮಳಿಗೆಗಳಿಗೆ ಮಾಡಿದ ನಿಯಮದಲ್ಲಿ ಮದ್ಯ, ತಂಬಾಕಿನ ಪಕ್ಕದಲ್ಲೇ ಮಾಂಸಾಹಾರವನ್ನೂ ಕೂರಿಸಿ ನಿಷೇಧಿಸಿದ್ದರು. ಮುದ್ದೆ ಬಾಡಿನ ಸೀಮೆ ಮಂಡ್ಯ! ಅಲ್ಲಿನ ಗೆಳೆಯರು ಬಾಡೂಟಕ್ಕಾಗಿ ಎದ್ದು ನಿಂತದ್ದರಿಂದ ಅದು ಸುದ್ದಿಯಾಯಿತು. ಹೋಟೆಲಿನ ಬೋರ್ಡಿಗೂ ಸಾಹಿತ್ಯದ ಪೆಂಡಾಲಿಗೂ ಬರಹ ಬರೆಯುವ ಕೈ ಒಂದೇ ಎಂದು ನಮಗೆ ಅನುಮಾನ.

ಮುದ್ದೆಯ ಕತೆಯಂತೂ ಇನ್ನೂ ತಮಾಷೆ. ನಿನ್ನೆಯ ತನಕ 'ಮುದ್ದೆ ತಿನ್ನೋರು' ಎನ್ನುವುದು ಬೈಗುಳ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಸಾರಿದ ಮೇಲೆ ರಾಗಿ ಆರೋಗ್ಯವಾಯಿತು. ದೊಡ್ಡ ಹೋಟೆಲುಗಳ ಮೆನುವಿನಲ್ಲಿ 'ನಾಟಿ ಶೈಲಿ' ಎಂಬ ತಲೆಬರಹದ ಕೆಳಗೆ, ನಿಂಬೆಹಣ್ಣಿನ ಗಾತ್ರದಲ್ಲಿ, ಪಿಂಗಾಣಿ ಬಟ್ಟಲಿನಲ್ಲಿ ಬಂದು ಕೂತಿದೆ. ಮುದ್ದೆ ಆ ಮೆಟ್ಟಿಲು ಹತ್ತಿತು. ಮುದ್ದೆ ತಿರುವಿದ ಅವ್ವ ಇನ್ನೂ ಆ ಹೋಟೆಲಿನ ಗೇಟು ದಾಟಿಲ್ಲ. ದಾಟಿದರೂ ಹಿಂಬಾಗಿಲಿನಿಂದ, ಕೈಯಲ್ಲಿ ಪೊರಕೆ ಹಿಡಿದು.

ನಮ್ಮ ದೋಸೆ ಬರಹಗಳಲ್ಲಿ ಎಲ್ಲವೂ ಇದೆ, ಹಸಿವೊಂದಿಲ್ಲ. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನ ಮನೆಯವರು ಒಂದು ರಾತ್ರಿ ಕೂತು ಕಡಲೆಕಾಯಿ ತಿನ್ನುತ್ತಾರೆ. ತಿನ್ನುವ ಖುಷಿಯನ್ನು ಕನ್ನಡದಲ್ಲಿ ಇಷ್ಟು ಚೆನ್ನಾಗಿ ಇನ್ನೊಬ್ಬರು ಬರೆದಿಲ್ಲ ಎಂಬುದು ನಮ್ಮ ಪಕ್ಕಾ ಅಭಿಪ್ರಾಯ. ಅಲ್ಲಿ ಬೆಣ್ಣೆಯಿಲ್ಲ, ಫಿಲ್ಟರ್ ಕಾಫಿಯಿಲ್ಲ. ತಿಂದ ಮೇಲೆ ಪೊಲೀಸರು ಬರುತ್ತಾರೆ. ಆ ಭಯವನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಆ ಜನ ನಗುತ್ತಾ ತಿಂದರು. ರುಚಿಯ ಬಗ್ಗೆ ಬರೆಯಬೇಕೆನ್ನುವವರು ಮೊದಲು ಆ ಪುಟಗಳ ಮುಂದೆ ಕೂರಬೇಕು.

ಬೆಂಗಳೂರಿನಲ್ಲಿ ಆ ಹಸಿವಿನ ಹತ್ತಿರ ಬಂದದ್ದು ಇಂದಿರಾ ಕ್ಯಾಂಟೀನು. 2017ರ ಆಗಸ್ಟ್ 16ರಂದು ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಪೌರಕಾರ್ಮಿಕರು, ಗಾರೆ ಕೆಲಸದವರು, ಪರೀಕ್ಷೆಗೆ ಓದುವ ಹುಡುಗರು ಅಲ್ಲಿ ಸಾಲು ನಿಂತರು. ಅನ್ನ ತಣ್ಣಗಿತ್ತು, ಸಾಂಬಾರು ನೀರಾಗಿತ್ತು ಎಂಬ ದೂರುಗಳನ್ನು ನಾವೂ ಕೇಳಿದ್ದೇವೆ. ಬಡವರ ಊಟ ಅಂದ ಮಾತ್ರಕ್ಕೆ ಸಾಂಬಾರು ನೀರಾಗಬೇಕಿಲ್ಲ, ಅದನ್ನು ಗಟ್ಟಿಯಾಗಿಯೇ ಕೇಳಬೇಕು. ಆದರೆ ಅದರ ಮೇಲೆ ಒಂದು ಲಲಿತ ಪ್ರಬಂಧ ಬಂತೇ? ಇಲ್ಲ. ಬಂದದ್ದೆಲ್ಲ ಖರ್ಚಿನ ಲೆಕ್ಕ.

ಇನ್ನೂ ಒಂದು ಹೋಟೆಲಿದೆ, ಅದಕ್ಕೆ ಗೋಡೆಯೇ ಇಲ್ಲ. ಬೆಳಗಿನ ಜಾವ ಕಟ್ಟಡ ಕೆಲಸದವರು ಕೂಲಿಗೆ ಕಾದು ನಿಲ್ಲುವ ಸರ್ಕಲ್ಲುಗಳಲ್ಲಿ ಹೆಂಗಸರು ನಾಕು ಗಂಟೆಗೇ ಎದ್ದು ಬೇಯಿಸಿ ತಂದ ಇಡ್ಲಿ, ಚಿತ್ರಾನ್ನ, ಬೋಂಡ. ತಳ್ಳುಗಾಡಿ, ಇಲ್ಲವೇ ಬರೀ ಒಂದು ಬುಟ್ಟಿ. ಗಿರಾಕಿ ಆಕೆಯನ್ನು ಅಕ್ಕಾ ಅನ್ನುತ್ತಾನೆ, ಸಾಲ ಹೇಳುತ್ತಾನೆ, ಬಟವಾಡೆ ಆದ ದಿನ ತೀರಿಸುತ್ತಾನೆ. ಬೀದಿಬದಿ ವ್ಯಾಪಾರಿಗಳನ್ನು ಕಾಪಾಡುವ ಕಾನೂನು 2014ರಲ್ಲೇ ಬಂದಿದೆ. ಆ ಕಾನೂನಿನ ಹೆಸರು ಅವಳಿಗೆ ಯಾರೂ ಹೇಳಿಲ್ಲ. ಟೈಗರ್ ಗಾಡಿ ಬಂತು ಅನ್ನುವ ಕೂಗು ಎದ್ದರೆ ಇಡ್ಲಿ ಪಾತ್ರೆ ಹೊತ್ತು ಪಕ್ಕದ ಸಂದಿಗೆ ಓಡುತ್ತಾಳೆ. ತಿನ್ನುತ್ತಿದ್ದವರೂ ತಟ್ಟೆ ಹಿಡಿದುಕೊಂಡು ಹಿಂದೆಯೇ ಓಡುತ್ತಾರೆ. ಆ ಸಂದಿಯಲ್ಲಿ ನಿಂತು ಉಳಿದ ಇಡ್ಲಿ ತಿಂದು, ಕೈ ತೊಳೆದು, ದುಡ್ಡು ಎಣಿಸಿ ಅವಳ ಕೈಗೆ ಕೊಟ್ಟು ಕೆಲಸಕ್ಕೆ ಹೋಗುತ್ತಾರೆ.