ಸೌದೆ ಕೊಟ್ಟಿಗೆಯ ರಸಾಯನಶಾಸ್ತ್ರ

ನಾನು ಬಿ.ಎಸ್ಸಿ. ಓದುವಾಗ ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಎಂದರೆ ಸಾಲ್ಟ್ ಅನಾಲಿಸಿಸ್. ಪುಡಿಯ ಬಣ್ಣ ನೋಡಿ, ಸೀನಿಯರ್‌ಗಳು ದಾಟಿಸಿದ ಪಟ್ಟಿ ನೆನಪಿಸಿಕೊಂಡು, ಮೊದಲು ಉತ್ತರ ಬರೆಯುತ್ತಿದ್ದೆವು. ಅದಕ್ಕೆ ಹೊಂದುವ ಪರೀಕ್ಷೆಗಳನ್ನು ಆಮೇಲೆ ರೆಕಾರ್ಡಿನಲ್ಲಿ ತುಂಬುತ್ತಿದ್ದೆವು. ಲ್ಯಾಬಿನ ಮೂಲೆಯಲ್ಲಿ ಒಂದು ಸ್ಪೆಕ್ಟ್ರೋಫೋಟೋಮೀಟರ್ ಇತ್ತು, ಮೇಲೆ ಹೂವಿನ ಚಿತ್ರದ ಬಟ್ಟೆ ಹೊದಿಸಿತ್ತು. ಇನ್‌ಸ್ಪೆಕ್ಷನ್ ದಿನ ಅಟೆಂಡರ್ ಆ ಬಟ್ಟೆ ತೆಗೆಯುತ್ತಿದ್ದರು, ಸಂಜೆ ಮತ್ತೆ ಹೊದಿಸುತ್ತಿದ್ದರು. ಹಾಗಾಗಿ ಅಮೆರಿಕದ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಕಲಿಸುವ ಕ್ರಮವನ್ನು ತೂಗುವಾಗ ನನ್ನ ತಕ್ಕಡಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಕೂತಿದೆ. ಓದುಗರು ಅಷ್ಟನ್ನು ಕಳೆದು ಓದಿಕೊಳ್ಳಬೇಕು.

ಮೊದಲು ಹೆಸರಿನ ತಕರಾರು. 'ಆರ್ಟ್ಸ್' ಎಂದೊಡನೆ ನಮಗೆ ಬಿ.ಎ. ತರಗತಿ ಕಣ್ಣಿಗೆ ಬರುತ್ತದೆ. ಅಮೆರಿಕದಲ್ಲಿ ಆ ಪದದೊಳಗೆ ಗಣಿತ, ವಿಜ್ಞಾನ ಎಲ್ಲವೂ ಸೇರುತ್ತವೆ. ಈ ಕಾಲೇಜುಗಳಲ್ಲಿ ಎರಡು-ಮೂರು ಸಾವಿರ ವಿದ್ಯಾರ್ಥಿಗಳು, ನಾಲ್ಕು ವರ್ಷದ ಪದವಿ, ಪಿಎಚ್.ಡಿ. ಮಾಡುವವರು ಸಾಮಾನ್ಯವಾಗಿ ಇರುವುದಿಲ್ಲ. ಈ ಕೊನೆಯ ಸಂಗತಿಯೇ ನನಗೆ ಮುಖ್ಯ. ಕಾಲೇಜುಗಳು ತಮ್ಮ ಕೈಪಿಡಿಯಲ್ಲಿ ದೊಡ್ಡದಾಗಿ ಅಚ್ಚು ಹಾಕಿಸುವುದು 'ಬಹುಮುಖಿ ಶಿಕ್ಷಣ' ಎಂಬ ಮಾತನ್ನು. ನನ್ನ ಮಟ್ಟಿಗೆ ಅವುಗಳ ಅಸಲು ಬಂಡವಾಳ ಬೇರೆ: ಉಪಕರಣದ ಮುಂದೆ ಪಿಎಚ್.ಡಿ.ಯವರ ಸಾಲು ಇಲ್ಲದಿರುವುದರಿಂದ ಹತ್ತೊಂಬತ್ತರ ಹುಡುಗಿಯ ಕೈ ನೇರವಾಗಿ ಅದಕ್ಕೆ ತಾಗುತ್ತದೆ, ಪಕ್ಕದಲ್ಲಿ ಪಾಠ ಮಾಡಿದ ಮೇಷ್ಟ್ರೇ ನಿಂತಿರುತ್ತಾರೆ.

ಇದಕ್ಕೆ ಹಳೆಯ ಸಾಕ್ಷಿ ಒಹಾಯೋ ರಾಜ್ಯದ ಓಬರ್ಲಿನ್ ಕಾಲೇಜು. ಅಲ್ಲಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಫ್ರಾಂಕ್ ಫ್ಯಾನಿಂಗ್ ಜ್ಯೂಯೆಟ್ ಜರ್ಮನಿಯ ಗಾಟಿಂಗೆನ್‌ನಲ್ಲಿ ಓದಿ ಬಂದವರು. ಅಲ್ಯುಮಿನಿಯಂ ಆಗ ಒಡವೆಯ ಜಾತಿಯ ಲೋಹ. 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುದಿಗೆ ಮೂರು ಕಿಲೋಗಿಂತ ಕಡಿಮೆ ತೂಕದ ಅಲ್ಯುಮಿನಿಯಂ ಕಳಶ ಇಟ್ಟದ್ದೇ ದೊಡ್ಡ ಸುದ್ದಿ. ಇದನ್ನು ಅಗ್ಗವಾಗಿ ತೆಗೆಯುವ ದಾರಿ ಕಂಡುಹಿಡಿದವನು ಶ್ರೀಮಂತನಾಗುತ್ತಾನೆ ಎಂದು ಜ್ಯೂಯೆಟ್ ತರಗತಿಯಲ್ಲಿ ಹೇಳಿದರು. ಚಾರ್ಲ್ಸ್ ಮಾರ್ಟಿನ್ ಹಾಲ್ ಅದನ್ನು ಮನಸ್ಸಿಗೆ ಹಾಕಿಕೊಂಡ. ಮೇಷ್ಟ್ರು ಸಾಮಾನು ಎರವಲು ಕೊಟ್ಟರು. 1885ರಲ್ಲಿ ಪದವಿ ಮುಗಿಸಿದ ಹುಡುಗ ಮನೆಯ ಸೌದೆ ಕೊಟ್ಟಿಗೆಯಲ್ಲಿ ಒಲೆ ಹೂಡಿ, ಬ್ಯಾಟರಿಗಳನ್ನು ತಾನೇ ಕಟ್ಟಿ, ಕರಗಿದ ಕ್ರಯೋಲೈಟಿನಲ್ಲಿ ಅಲ್ಯುಮಿನಾ ಬೆರೆಸಿ ವಿದ್ಯುತ್ ಹಾಯಿಸಿದ. ಮೊದಮೊದಲು ಕೈಕೊಟ್ಟಿತು. ಮಣ್ಣಿನ ಮೂಸೆಯಲ್ಲಿದ್ದ ಸಿಲಿಕಾ ದ್ರವಕ್ಕೆ ಇಳಿದು ಕೆಡಿಸುತ್ತಿದೆ ಎಂದು ಹೊಳೆದ ಮೇಲೆ ಮೂಸೆಯ ಒಳಮೈಗೆ ಇಂಗಾಲದ ಪದರ ಕೊಟ್ಟ. 1886ರ ಫೆಬ್ರವರಿ 23ರಂದು ಬೆಳ್ಳಿಬಣ್ಣದ ಸಣ್ಣ ಗುಂಡುಗಳು ಸಿಕ್ಕವು. ಆಗ ಅವನಿಗೆ 22. ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ್ದ ಅಕ್ಕ ಜೂಲಿಯಾ ಈ ಪ್ರಯೋಗಗಳನ್ನು ಹತ್ತಿರದಿಂದ ಕಂಡವಳು. ಅದೇ ವರ್ಷ ಫ್ರಾನ್ಸಿನಲ್ಲಿ ಪಾಲ್ ಹೆರೌಲ್ಟ್ ಕೂಡ ಇದೇ ವಿಧಾನ ಕಂಡುಕೊಂಡಿದ್ದರಿಂದ ಪೇಟೆಂಟಿನ ತಂಟೆ ಬಂತು. ಆಗ ಸಾಕ್ಷಿ ಹೇಳಿದವಳೂ ಅವಳೇ. ಹೆಸರು ಮಾತ್ರ ತಮ್ಮನದು ಉಳಿಯಿತು.

ಒಂದು ಹಳೆಯ ಕಥೆ ಹಿಡಿದು ಪದ್ಧತಿಗೆ ಅಂಕ ಕೊಡಲಾಗದು, ಸರಿ. ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿಗೆ ಬನ್ನಿ. ಅಲ್ಲಿ 1946ರಿಂದ ಪಾಠ ಮಾಡಿದ ಕಾರ್ವಿನ್ ಹ್ಯಾನ್ಶ್, ಒಂದು ವಸ್ತು ಎಣ್ಣೆಯಂಥ ದ್ರವದಲ್ಲಿ ಎಷ್ಟು, ನೀರಿನಲ್ಲಿ ಎಷ್ಟು ಹಂಚಿಹೋಗುತ್ತದೆ ಎಂಬ ಅಳತೆಯಿಂದ ಅದು ಜೀವಿಯ ಮೇಲೆ ಬೀರುವ ಪರಿಣಾಮವನ್ನು ಲೆಕ್ಕ ಹಾಕುವ ದಾರಿ ತೋರಿಸಿದರು. ಔಷಧ ಕಂಪನಿಗಳು ಇಂದಿಗೂ ಆ ದಾರಿಯಲ್ಲಿ ನಡೆಯುತ್ತವೆ. 2020ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಜೆನಿಫರ್ ಡೌಡ್ನಾ ಓದಿದ್ದು ಅಲ್ಲಿಯೇ. ನಡುವೆ ಆಕೆಗೆ ವಿಷಯ ಬದಲಿಸಿ ಫ್ರೆಂಚ್ ಹಿಡಿಯುವ ಮನಸ್ಸಾಗಿತ್ತಂತೆ, ವಿಜ್ಞಾನ ಬಿಡಬೇಡ ಎಂದವರು ಫ್ರೆಂಚ್ ಟೀಚರ್! 'ಬಹುಮುಖಿ' ಎಂಬ ಮಾತಿಗೆ ನಾನು ಕೊಡುವ ರಿಯಾಯಿತಿ ಇಷ್ಟೇ. ಇನ್ನೊಂದು ಸೇರಿಸುವುದಾದರೆ, ಪೋರ್ಟ್‌ಲ್ಯಾಂಡಿನ ರೀಡ್ ಕಾಲೇಜಿನಲ್ಲಿ 1968ರಿಂದ ಒಂದು ಸಣ್ಣ ಸಂಶೋಧನಾ ಪರಮಾಣು ರಿಯಾಕ್ಟರ್ ಇದೆ. ಲೈಸೆನ್ಸ್ ಪಡೆದು ಅದನ್ನು ನಡೆಸುವ ಪದವಿ ವಿದ್ಯಾರ್ಥಿಗಳಲ್ಲಿ ಸಾಹಿತ್ಯ ಓದುವವರೂ ಇರುತ್ತಾರೆ.

ಆದರೆ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಮೇನ್ ರಾಜ್ಯದ ಬೋಡಿನ್ ಕಾಲೇಜು. 1980ರ ದಶಕದ ಆರಂಭದಲ್ಲಿ ಅಲ್ಲಿನ ಆರ್ಗ್ಯಾನಿಕ್ ಲ್ಯಾಬಿನ ಗಾಳಿ ಕೆಟ್ಟಿತ್ತು. ಗಾಳಿಯ ವ್ಯವಸ್ಥೆಯನ್ನು ಹೊಸದಾಗಿ ಮಾಡಿಸಲು ಭಾರಿ ಖರ್ಚು. ಡಾನಾ ಮೇಯೋ, ಸ್ಯಾಮ್ಯುಯೆಲ್ ಬುಚರ್ ಮತ್ತು ಮೆರಿಮ್ಯಾಕ್ ಕಾಲೇಜಿನ ರೊನಾಲ್ಡ್ ಪೈಕ್ ಲೆಕ್ಕವನ್ನೇ ತಿರುಗಿಸಿದರು: ಹೊಗೆ ಹೊರಹಾಕುವುದಕ್ಕಿಂತ ಹೊಗೆಯನ್ನೇ ಕಡಿಮೆ ಮಾಡಿದರೆ? ಹತ್ತಾರು ಗ್ರಾಂ ಬಳಸುತ್ತಿದ್ದ ಪ್ರಯೋಗಗಳನ್ನು ನೂರು ಮಿಲಿಗ್ರಾಂ ಆಸುಪಾಸಿಗೆ ಇಳಿಸಿದರು. ಬೆರಳುದ್ದದ, ತಳ ಚೂಪಾದ ಗಾಜಿನ ಶೀಸೆ. ಅದರೊಳಗೆ ಅಕ್ಕಿಕಾಳಿನಷ್ಟು ಪದಾರ್ಥ. ಸೋಸಲು, ಬೇರ್ಪಡಿಸಲು ಸಣ್ಣ ಪಿಪೆಟ್. ಇಷ್ಟು ಕಡಿಮೆ ಇದ್ದಾಗ ಒಂದು ಹನಿ ಗೋಡೆಗೆ ಅಂಟಿದರೂ ಫಲಿತಾಂಶ ಹಾಳು, ಆದ್ದರಿಂದ ಕೈ ಪಳಗುತ್ತದೆ. ಅವರ ಪಠ್ಯಪುಸ್ತಕ 1986ರಲ್ಲಿ ಬಂತು, ಕ್ರಮ ದೊಡ್ಡ ವಿಶ್ವವಿದ್ಯಾಲಯಗಳಿಗೂ ಹಬ್ಬಿತು. ಪ್ರಾಧ್ಯಾಪಕರು ದಿನವೂ ವಿದ್ಯಾರ್ಥಿಗಳ ಜೊತೆ ಅದೇ ಗಾಳಿ ಕುಡಿಯದಿದ್ದರೆ ಈ ಯೋಚನೆ ಹುಟ್ಟುತ್ತಿತ್ತೇ ಎಂಬ ಅನುಮಾನ ನನಗಿದೆ.

ಇನ್ನು ಕುಂದುಗಳು. ಸಣ್ಣ ವಿಭಾಗದಲ್ಲಿ ಇನಾರ್ಗ್ಯಾನಿಕ್ ಹೇಳಿಕೊಡುವವರು ಒಬ್ಬರೋ ಇಬ್ಬರೋ; ಅವರು ರಜೆ ಹಾಕಿದ ವರ್ಷ ಆ ಪಾಠಕ್ಕೂ ರಜೆ. ಸಂಶೋಧನೆ ನಿಧಾನ, ಏಕೆಂದರೆ ಕೈ ಪಳಗುವ ಹೊತ್ತಿಗೆ ಹುಡುಗರು ಪದವಿ ಮುಗಿಸಿ ಹೊರಡುತ್ತಾರೆ. ಗ್ರಿನೆಲ್ ಕಾಲೇಜಿನಲ್ಲಿ ಓದಿ 1989ರಲ್ಲಿ ನೊಬೆಲ್ ಪಡೆದ ಥಾಮಸ್ ಚೆಕ್, 1999ರ ಒಂದು ಲೇಖನದಲ್ಲಿ ಈ ಕಾಲೇಜುಗಳ ಪದವೀಧರರಲ್ಲಿ ಮುಂದೆ ವಿಜ್ಞಾನದ ಪಿಎಚ್.ಡಿ. ಮಾಡುವವರ ಪ್ರಮಾಣ ಒಟ್ಟಾರೆ ಸರಾಸರಿಯ ಸುಮಾರು ಎರಡು ಪಟ್ಟು ಎಂದು ತೋರಿಸಿದರು. ಅಂಕಿ ನಿಜವಿರಬಹುದು. ಆದರೆ ಆರಿಸಿ ತಂದ ಬೀಜ ಬಿತ್ತಿ, ಫಸಲಿನ ಕೀರ್ತಿಯನ್ನೆಲ್ಲ ಹೊಲಕ್ಕೇ ಕೊಡುವುದು ಸರಿಯಲ್ಲ. ಎಲ್ಲಕ್ಕಿಂತ ದೊಡ್ಡ ತಕರಾರು ದುಡ್ಡಿನದು. ಹೆಸರಾಂತ ಕಾಲೇಜುಗಳಲ್ಲಿ ಶುಲ್ಕ, ವಸತಿ, ಊಟ ಸೇರಿ ವರ್ಷಕ್ಕೆ 80,000 ಡಾಲರ್ ದಾಟಿದೆ. ನೆರವು ಸಿಗುವವರು ಬಹಳ ಜನ ಇದ್ದಾರೆ, ಆದರೆ ಆ ನೆರವೂ ನಿಂತಿರುವುದು, ಮೇಷ್ಟ್ರ ಮಾತಿನಂತೆ ಶ್ರೀಮಂತನಾದ ಹಾಲ್‌ನಂಥವರು ಕಾಲೇಜಿಗೆ ಬಿಟ್ಟುಹೋದ ಆಸ್ತಿಯ ಮೇಲೆ.

ಹಾಗಾಗಿ ಇಡೀ ಮಾದರಿಯನ್ನು ಇಲ್ಲಿಗೆ ತರುತ್ತೇವೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಕರ್ನಾಟಕದಲ್ಲಿ ನಾಲ್ಕು ವರ್ಷದ ಪದವಿ 2021ರಲ್ಲಿ ಬಂತು, 2024ರಲ್ಲಿ ಮೂರು ವರ್ಷಕ್ಕೇ ಮರಳಿತು. ನಮ್ಮ ಚರ್ಚೆ ವರ್ಷಗಳ ಎಣಿಕೆಯಲ್ಲೇ ಮುಗಿಯಿತು. ಬೋಡಿನ್‌ನ ಆ ಬೆರಳುದ್ದದ ಶೀಸೆಗೆ ದತ್ತಿನಿಧಿ ಬೇಕಿಲ್ಲ, ಅದು ಈಗಿನ ಕೆಮಿಕಲ್ ಖರ್ಚನ್ನೇ ಉಳಿಸುತ್ತದೆ. ಪ್ರಾಕ್ಟಿಕಲ್ ಸಿಲಬಸ್ ಬರೆಯುವ ಅಧ್ಯಯನ ಮಂಡಳಿಯವರಲ್ಲಿ ಒಂದೇ ವಿನಂತಿ: ಸೆಮಿಸ್ಟರಿಗೆ ಒಂದಾದರೂ ಪ್ರಯೋಗ ಸೀನಿಯರ್‌ಗಳ ಪಟ್ಟಿಯಲ್ಲಿ ಉತ್ತರ ಸಿಗದಂಥದ್ದಿರಲಿ, ನೂರು ಮಿಲಿಗ್ರಾಂ ಸಾಕು. ಹಾಗೆಯೇ ಆ ಹೂವಿನ ಬಟ್ಟೆಯನ್ನು ಇನ್‌ಸ್ಪೆಕ್ಷನ್ ಇಲ್ಲದ ದಿನವೂ ತೆಗೆಸಿ.